ಅಪ್ಪ-ಅಮ್ಮನ ಜೊತೆ ನ್ಯೂ ಫಾರೆಸ್ಟ್: ಕಾರಿಲ್ಲದೆ ಹೋಗಬಹುದಾ?

ಕಡೂರಿನವಳು:
ಎಲ್ಲರಿಗೂ ನಮಸ್ಕಾರ. ಆಗಸ್ಟ್‌ನಲ್ಲಿ ಅಪ್ಪ-ಅಮ್ಮ ಊರಿಂದ ಬರುತ್ತಿದ್ದಾರೆ. ಅರಮನೆ, ಮ್ಯೂಸಿಯಂ ಎಲ್ಲ ಅಪ್ಪನಿಗೆ ಒಂದು ಗಂಟೆಯಲ್ಲಿ ಬೇಜಾರಾಗುತ್ತದೆ. ಜೀವನವೆಲ್ಲ ದನ ಕಟ್ಟಿದವರು. ಅದಕ್ಕೇ ದಕ್ಷಿಣ ಇಂಗ್ಲೆಂಡಿನ ನ್ಯೂ ಫಾರೆಸ್ಟ್ ಕಾಡಿಗೆ ಕರೆದುಕೊಂಡು ಹೋಗೋಣ ಅನ್ನಿಸಿತು. ನಾವಿರುವುದು ಲಂಡನ್‌ನಲ್ಲಿ, ಕಾರಿಲ್ಲ. ಅಮ್ಮನಿಗೆ ಮಂಡಿನೋವು, ಜಾಸ್ತಿ ನಡೆಯಲಾಗುವುದಿಲ್ಲ. ಒಂದೇ ದಿನದಲ್ಲಿ ಏನು ನೋಡಬಹುದು? ಅಲ್ಲಿ ಕುದುರೆಗಳು ರಸ್ತೆಯಲ್ಲೇ ಓಡಾಡುತ್ತವಂತೆ. ಅವು ಕಾಡುಕುದುರೆಗಳಾ?

ಸೌತಾಂಪ್ಟನ್ ವಾಸಿ:
ಖಂಡಿತ ಹೋಗಬಹುದು ಮೇಡಂ. ಲಂಡನ್ನಿನ ವಾಟರ್ಲೂ ಸ್ಟೇಷನ್ನಿನಿಂದ ಕಾಡಿನ ನಡುವಿನ ಬ್ರಾಕನ್‌ಹರ್ಸ್ಟ್ ಊರಿಗೆ ನೇರ ರೈಲಿದೆ, ಸುಮಾರು ಒಂದೂವರೆ ಗಂಟೆ. ನಾನು ಪಕ್ಕದ ಊರಿನಲ್ಲೇ ಇರುವುದರಿಂದ ರಜಾ ಸಿಕ್ಕಾಗಲೆಲ್ಲ ಅಲ್ಲಿಗೇ ಹೋಗುತ್ತೇನೆ. ಇಂಗ್ಲೆಂಡಿನಲ್ಲಿ ನನಗೆ ಅಷ್ಟು ಇಷ್ಟವಾದ ಜಾಗ ಇನ್ನೊಂದಿಲ್ಲ.

ನಿಮ್ಮ ತಂದೆ ದನ ಕಟ್ಟಿದವರು ಅಂದಿರಲ್ಲ, ಅವರಿಗೆ ಇದು ನಮಗಿಂತ ಚೆನ್ನಾಗಿ ಅರ್ಥವಾಗುತ್ತದೆ. ಆ ಕುದುರೆಗಳು ಕಾಡಿನವಲ್ಲ. ಸಣ್ಣ ಜಾತಿಯ ಪೋನಿಗಳು, ಒಂದೊಂದಕ್ಕೂ ಒಬ್ಬ ಯಜಮಾನ ಇದ್ದಾನೆ. ಮೈಮೇಲೆ ಯಜಮಾನನ ಮುದ್ರೆ ಇರುತ್ತದೆ. ಬಾಲದ ಕೂದಲನ್ನೂ ನೋಡಿ. ಮೇಯಿಸುವ ಶುಲ್ಕ ಕಟ್ಟಿದ್ದಾರೆ ಅನ್ನುವುದಕ್ಕೆ ಗುರುತಾಗಿ ಅಜಿಸ್ಟರ್‌ಗಳು ಅದನ್ನು ಕತ್ತರಿಸುತ್ತಾರೆ. ಒಬ್ಬೊಬ್ಬ ಅಜಿಸ್ಟರ್ ವ್ಯಾಪ್ತಿಯಲ್ಲಿ ಕತ್ತರಿಸುವ ರೀತಿ ಒಂದೊಂದು ತರಹ. ಈ ಅಜಿಸ್ಟರ್‌ಗಳು ಕುದುರೆ ಹತ್ತಿ ಕಾಡು ಸುತ್ತಿ ಜಾನುವಾರು ನೋಡಿಕೊಳ್ಳುವವರು. ಅವರ ಮೇಲೆ ವರ್ಡರರ್‌ಗಳು, ಅಂದರೆ ಮೇಯಿಸುವ ಹಕ್ಕು, ನಿಯಮಗಳನ್ನು ನೋಡಿಕೊಳ್ಳುವವರು. ಅವರ ಕೋರ್ಟ್ ಇಂದಿಗೂ ಲಿಂಡ್‌ಹರ್ಸ್ಟ್‌ನಲ್ಲಿ ನಡೆಯುತ್ತದೆ.

1079ರಲ್ಲಿ ವಿಲಿಯಂ ದೊರೆ ಬೇಟೆಗೆ ಅಂತ ಮೀಸಲಿಟ್ಟ ಜಾಗ ಇದು. ಕಡೂರು, ಬೀರೂರು ಕಡೆಯವರಿಗೆ ಹೇಳಬೇಕೆಂದರೆ ಮೈಸೂರು ಅರಸರ ದನಗಳಿಗೆ ಮೀಸಲಿದ್ದ ನಮ್ಮ ಅಮೃತ್ ಮಹಲ್ ಕಾವಲಿನ ಹಾಗೆ, ರಾಜನ ಹೆಸರಲ್ಲಿ ಉಳಿದ ಬಯಲು. ಆದರೆ ಇಲ್ಲಿ ಸುತ್ತಲಿನ ಜನ ಮೇಯಿಸುವ ಹಕ್ಕು ಬಿಟ್ಟುಕೊಡಲಿಲ್ಲ. 1217ರಲ್ಲಿ ಬಂದ ಅರಣ್ಯ ಸನ್ನದು ಇಂಥ ಹಕ್ಕುಗಳನ್ನು ಬರಹದಲ್ಲೇ ಒಪ್ಪಿಕೊಂಡಿತು. ಈಗಲೂ ಆ ಹಕ್ಕು ಇರುವುದು ಮನೆ ಮತ್ತು ಜಮೀನಿಗೆ. ಮನೆ ಕೊಂಡವರಿಗೆ ಹಕ್ಕೂ ಬರುತ್ತದೆ. ರಾಷ್ಟ್ರೀಯ ಉದ್ಯಾನ ಅಂತ ಆಗಿದ್ದು ತೀರಾ ಈಚೆಗೆ, 2005ರಲ್ಲಿ.

ಬರೀ ಮರ ಇರುತ್ತದೆ ಅಂದುಕೊಳ್ಳಬೇಡಿ. ಹಳೆಯ ಓಕ್, ಬೀಚ್ ಮರಗಳ ಕಾಡು ಮುಗಿದ ಕೂಡಲೇ ಬಟಾಬಯಲು. ಆಗಸ್ಟ್‌ನಲ್ಲಿ ಹೆದರ್ ಗಿಡ ಹೂಬಿಟ್ಟು ಬಯಲೆಲ್ಲ ನೇರಳೆ ಬಣ್ಣ. ಆ ಬಯಲು ಬಯಲಾಗಿಯೇ ಉಳಿದಿರುವುದು ಜಾನುವಾರು ಮೇಯುವುದರಿಂದ. ಮೇಯಿಸುವುದು ನಿಂತರೆ ಬರ್ಚ್, ಪೈನ್ ಸಸಿಗಳು ಎದ್ದು ಎಲ್ಲವನ್ನೂ ಮುಚ್ಚುತ್ತವೆ. ಚಳಿಗಾಲದಲ್ಲಿ ಒಂದಷ್ಟು ಹಳೆಯ ಪೊದೆಗಳನ್ನು ಹತೋಟಿಯಲ್ಲಿಟ್ಟು ಸುಡುವುದೂ ಉಂಟು.

ಅಮ್ಮನಿಗೆ ಸುಲಭ ಆಗಬೇಕಲ್ವಾ? ಬ್ರಾಕನ್‌ಹರ್ಸ್ಟ್‌ನಲ್ಲಿ ಇಳಿದು ಬ್ಲೂಸ್ಟಾರ್ 6 ಬಸ್ಸಿನಲ್ಲಿ ಲಿಂಡ್‌ಹರ್ಸ್ಟ್‌ಗೆ ಹೋಗಿ. ಪೇಟೆ ಬೀದಿ ದಾಟಿದರೆ ಬೋಲ್ಟನ್ಸ್ ಬೆಂಚ್ ಅನ್ನುವ ಸಣ್ಣ ದಿಬ್ಬ. ಮೇಲೆ ಯೂ ಮರಗಳ ನೆರಳು, ಎದುರಿಗೆ ಬಯಲು. ಪೋನಿಗಳು ಅಲ್ಲೇ ಮೇಯುತ್ತಿರುತ್ತವೆ. ಅಮ್ಮ ಕೂತಲ್ಲೇ ಎಲ್ಲ ನೋಡಬಹುದು, ಅಪ್ಪ ಬೇಕಾದಷ್ಟು ನಡೆಯಬಹುದು.

ಕಡೂರಿನವಳು:
ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್ ಸರ್. ಕಾವಲಿನ ಮಾತು ಅಪ್ಪನಿಗೆ ಫೋನಿನಲ್ಲಿ ಹೇಳಿದೆ. "ಮಳೆ ಹೋದರೆ ಅವಕ್ಕೆ ಮೇವು ಏನು?" ಅಂತ ಕೇಳಿದರು! ಇನ್ನೊಂದು ವಿಷಯ. ಅಪ್ಪ ಬಿಸ್ಕತ್ತು, ಬಾಳೆಹಣ್ಣು ಕೊಡದೆ ಬಿಡುವವರಲ್ಲ. ಕೊಡಬಹುದಾ?

ಸೌತಾಂಪ್ಟನ್ ವಾಸಿ:
ದಯವಿಟ್ಟು ಬೇಡ. ಮುಟ್ಟುವುದೂ ಬೇಡ. 2023ರಿಂದ ಅದಕ್ಕೆ ನಿಷೇಧ ಇದೆ, ದಂಡವೂ ಬೀಳಬಹುದು. ದಂಡಕ್ಕಿಂತ ಮುಖ್ಯವಾದದ್ದು ಆ ಪ್ರಾಣಿಗಳ ಜೀವ. ಜನ ತಿಂಡಿ ಕೊಡುತ್ತಾರೆ ಅಂತ ಗೊತ್ತಾದರೆ ಅವು ರಸ್ತೆ ಬದಿಯಲ್ಲೇ ಕಾಯುತ್ತವೆ. ಬೇಲಿ ಇಲ್ಲದ ರಸ್ತೆಗಳಲ್ಲಿ ಗಂಟೆಗೆ 40 ಮೈಲಿ ಮಿತಿ ಇದ್ದರೂ ಪ್ರತಿ ವರ್ಷ ಕಾರಿಗೆ ಸಿಕ್ಕಿ ಪೋನಿಗಳು ಸಾಯುತ್ತವೆ. ಇದನ್ನು ಹೇಳಿದರೆ ನಿಮ್ಮ ತಂದೆ ಖಂಡಿತ ಒಪ್ಪುತ್ತಾರೆ.

ಮೇವಿನ ಪ್ರಶ್ನೆ ಸರಿಯಾಗಿಯೇ ಕೇಳಿದ್ದಾರೆ. ಚಳಿಗಾಲದಲ್ಲಿ ಅವು ಗೋರ್ಸ್ ಅನ್ನುವ ಮುಳ್ಳುಪೊದೆ ಮತ್ತು ಹಾಲಿ ಅನ್ನುವ ಗಿಡದ ಎಲೆ ತಿಂದು ಬದುಕುತ್ತವೆ. ಸೊರಗಿದವನ್ನು ಯಜಮಾನರು ಮನೆಗೆ ಕರೆದೊಯ್ಯುತ್ತಾರೆ. ಓಕ್ ಕಾಯಿ ಜಾಸ್ತಿ ತಿಂದರೆ ಪೋನಿಗೂ ದನಕ್ಕೂ ವಿಷ. ಅದಕ್ಕೇ ಶರತ್ಕಾಲದಲ್ಲಿ ಹಂದಿಗಳನ್ನು ಕಾಡಿಗೆ ಬಿಡುತ್ತಾರೆ. ಕಾಯಿ ಉದುರಿದ ಹಾಗೇ ಅವು ತಿಂದು ಮುಗಿಸುತ್ತವೆ. ಎಂಥ ಲೆಕ್ಕಾಚಾರ ನೋಡಿ! ಆಗಸ್ಟ್‌ನಲ್ಲಿ ಇದು ಕಾಣಿಸುವುದಿಲ್ಲ ಅನ್ನುವುದೊಂದೇ ಬೇಸರ.

ನಡಿಗೆಪ್ರಿಯ:
ನನ್ನದೊಂದು ಮಾತು. ಬ್ರಾಕನ್‌ಹರ್ಸ್ಟ್‌ನ ಸೇಂಟ್ ನಿಕೊಲಸ್ ಚರ್ಚ್ ತಪ್ಪಿಸಬೇಡಿ. 1914ರಲ್ಲಿ ಫ್ರಾನ್ಸ್‌ನಲ್ಲಿ ಗಾಯಗೊಂಡ ಭಾರತೀಯ ಸೈನಿಕರನ್ನು ಈ ಊರಿಗೇ ತಂದು ಆರೈಕೆ ಮಾಡಿದ್ದರು. ಲೇಡಿ ಹಾರ್ಡಿಂಜ್ ಆಸ್ಪತ್ರೆ ಅಂತ ಹೆಸರಿತ್ತು. ಆಮೇಲೆ ನ್ಯೂಜಿಲೆಂಡ್ ಸೈನಿಕರು ಬಂದರು. ಚರ್ಚಿನ ಅಂಗಳದಲ್ಲಿ ನ್ಯೂಜಿಲೆಂಡಿನವರ 93 ಸಮಾಧಿಗಳ ಜೊತೆ 3 ಭಾರತೀಯರ ಸಮಾಧಿಗಳೂ ಇವೆ. ಊರಲ್ಲಿ ಮೀರತ್ ಹೆಸರಿನ ರಸ್ತೆಯೂ ಇದೆ.

ಚರ್ಚ್ ಇರುವುದು ಸಣ್ಣ ಏರಿನ ಮೇಲೆ. ಅಮ್ಮನಿಗೆ ಕಷ್ಟ ಅನ್ನಿಸಿದರೆ ಸ್ಟೇಷನ್ನಿನಿಂದ ಟ್ಯಾಕ್ಸಿ ಮಾಡಿ. ಮತ್ತೆ ಎಲ್ಲರೂ ಉದ್ದ ಪ್ಯಾಂಟು, ಕಾಲುಚೀಲ ಹಾಕಿಕೊಳ್ಳಿ, ಪೊದೆಗಳಲ್ಲಿ ರಕ್ತ ಹೀರುವ ಉಣ್ಣಿಗಳು ಇರುತ್ತವೆ. ಮನೆಗೆ ಬಂದ ಮೇಲೆ ಕಾಲು ಪರೀಕ್ಷಿಸಿ ನೋಡಿ.