ಬ್ಲಾಕ್ ತೆಗೆದ ಮೇಲೂ ಹಾರ್ಟಿಗೆ ಪೆಟ್ಟಾಗುತ್ತದಾ? ಡಾಕ್ಟರಿಗೆ ಕೇಳಿ

ನಾಪೋಕ್ಲು: ಡಾಕ್ಟ್ರೇ, ಅಪ್ಪನಿಗೆ 58. ಹೋದ ವಾರ ರಾತ್ರಿ ಎದೆನೋವು ಬಂತು. ಗ್ಯಾಸ್ ಅಂತ ಬೆಳಗಿನ ತನಕ ಕಾದರು. ಮೈಸೂರಿಗೆ ಮುಟ್ಟಿ ಸ್ಟೆಂಟ್ ಹಾಕುವಾಗ ತುಂಬಾ ತಡವಾಗಿತ್ತು. ರಕ್ತ ಹರಿದ ಕೂಡಲೇ ಬಡಿತ ಏರುಪೇರಾಯಿತಂತೆ. ಎಕೋದಲ್ಲಿ (ಹಾರ್ಟಿನ ಸ್ಕ್ಯಾನ್) ಪಂಪಿಂಗ್ ಶೇ. 35. ರಕ್ತ ವಾಪಸ್ ಬಂದಾಗಲೂ ಪೆಟ್ಟಾಗುತ್ತದೆ ಅಂದರು. ಸ್ಟೆಂಟ್ ಹಾಕಿಸಿದ್ದೇ ತಪ್ಪಾಯಿತಾ?

ಡಾಕ್ಟರ್: ಖಂಡಿತ ತಪ್ಪಲ್ಲ. ನಾಳ ತೆರೆಯದೆ ಇದ್ದರೆ ಆ ಭಾಗದ ಮಾಂಸ ಪೂರ್ತಿ ಸಾಯುತ್ತಿತ್ತು. ಅವರು ಹೇಳಿದ್ದು ರೀಪರ್ಫ್ಯೂಷನ್ ಇಂಜುರಿ. 1960ರಲ್ಲೇ ನಾಯಿಗಳ ಹೃದಯದಲ್ಲಿ ಇದನ್ನು ಗುರುತಿಸಿದ್ದರು. ರಕ್ತ ನಿಂತಾಗ ಜೀವಕೋಶದಲ್ಲಿ ಆಸಿಡ್ ಸೇರಿಕೊಳ್ಳುತ್ತದೆ. ರಕ್ತ ಒಮ್ಮೆಲೇ ನುಗ್ಗಿದರೆ ಅದು ತೊಳೆದು ಹೋಗುತ್ತದೆ, ಆದರೆ ಕ್ಯಾಲ್ಸಿಯಂ ಒಳಗೆ ತುಂಬುತ್ತದೆ, ಬಂದ ಆಕ್ಸಿಜನ್ನಿಂದಲೇ ಕೋಶಕ್ಕೆ ಹಾನಿ ಮಾಡುವ ಫ್ರೀ ರ್‍ಯಾಡಿಕಲ್ ಹುಟ್ಟುತ್ತದೆ. ಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯದಲ್ಲಿ ರಂಧ್ರ ತೆರೆದು ಕೋಶ ಸಾಯುತ್ತದೆ. ಕೆಲವರಲ್ಲಿ ದೊಡ್ಡ ನಾಳ ತೆರೆದರೂ ಸಣ್ಣ ನಾಳಗಳು ಊದಿಕೊಂಡು ರಕ್ತ ಮುಂದೆ ಹೋಗುವುದಿಲ್ಲ. ಬಡಿತ ಏರುಪೇರಾಗುವುದೂ ಆ ಹೊತ್ತಿನಲ್ಲಿ ಸಾಮಾನ್ಯ. ಶೇ. 35 ಅಂತ ಈಗಲೇ ಕೈಚೆಲ್ಲಬೇಡಿ. ಸ್ವಲ್ಪ ಮಾಂಸ ಸತ್ತಿಲ್ಲ, ಮರಗಟ್ಟಿದೆ. ಅದು ಚೇತರಿಸಿಕೊಳ್ಳಲು ವಾರಗಳು ಬೇಕು, ಆಮೇಲೆ ಮತ್ತೆ ಎಕೋ ಮಾಡಿಸಿ. ಮಲಗಿದರೆ ಉಸಿರು ಕಟ್ಟುತ್ತದಾ? ಕಾಲು ಊದಿದೆಯಾ?

ಸುಂಟಿಕೊಪ್ಪ: ಇದಕ್ಕೆ ವಿಟಮಿನ್ ಇ ಒಳ್ಳೆಯದಾ? ಫಾರ್ವರ್ಡ್ ಬಂದಿದೆ.

ಡಾಕ್ಟರ್: ಇಲ್ಲ. ಈ ಪೆಟ್ಟು ತಡೆಯಲು ಪ್ರಾಣಿಗಳಲ್ಲಿ ಫಲ ಕೊಟ್ಟ ಸೈಕ್ಲೋಸ್ಪೊರಿನ್ ಎಂಬ ಔಷಧ ಕೂಡ 2015ರ ದೊಡ್ಡ ಪ್ರಯೋಗದಲ್ಲಿ ಉಪಯೋಗವಾಗಲಿಲ್ಲ. ಬೇಗ ನಾಳ ತೆರೆಸುವುದೊಂದೇ ನಮ್ಮ ಕೈಯಲ್ಲಿರುವುದು.

ಗೋಣಿಕೊಪ್ಪ: ಮೆಣಸಿನ ಪುಡಿ ನೀರಿಗೆ ಹಾಕಿ ಕುಡಿದರೆ ಅಟ್ಯಾಕ್ ನಿಲ್ಲುತ್ತದಂತೆ.

ಡಾಕ್ಟರ್: ನಿಲ್ಲುವುದಿಲ್ಲ. ಇಂಥದ್ದು ನಂಬಿ ಕೂತವರೇ ತಡವಾಗಿ ಬರುತ್ತಾರೆ.

ವಿರಾಜಪೇಟೆ: ಕಾಚಂಪುಳಿ (ನಮ್ಮ ಕೊಡಗಿನ ಹುಳಿ ರಸ) ಬಿಟ್ಟಿದ್ದಕ್ಕೇ ಈಗಿನವರಿಗೆ ಬ್ಲಾಕ್. ಪಂದಿಕರಿಗೆ (ಹಂದಿ ಸಾರಿಗೆ) ಅದನ್ನೇ ಹಾಕುತ್ತಿದ್ದ ನಮ್ಮ ಅಜ್ಜಂದಿರಿಗೆ ಏನಾಗಿತ್ತು?

ಸೋಮವಾರಪೇಟೆ: ಅಣ್ಣ, ನಿಮ್ಮ ಅಜ್ಜ ದಿನವಿಡೀ ತೋಟ ಸುತ್ತುತ್ತಿದ್ದರು. ನೀವು ಜೀಪು ಬಿಟ್ಟು ಇಳಿಯುವುದಿಲ್ಲ.

ವಿರಾಜಪೇಟೆ: ವೈಯಕ್ತಿಕ ಬೇಡ.

ಮಡಿಕೇರಿ: ತಾಲೂಕು ಆಸ್ಪತ್ರೆಯಲ್ಲೇ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರೂ ಇದೇ ಪೆಟ್ಟಾಗುತ್ತದಾ?

ಗೋಣಿಕೊಪ್ಪ: ಡಾಕ್ಟರ್, ಬೆಳ್ಳುಳ್ಳಿ ರಸ ಆದರೂ ಕೊಡಬಹುದಾ?

ಡಾಕ್ಟರ್: ಮೇಲೆ ಓದಿ.

ನಾಪೋಕ್ಲು: ಸಾರ್, ನಿನ್ನೆಯಿಂದ ಎರಡು ದಿಂಬು ಇಲ್ಲದೆ ಮಲಗಲು ಆಗುತ್ತಿಲ್ಲ. ಕಾಲೂ ಊದಿದೆ. ಮಾತ್ರೆ ಉಷ್ಣ ಅಂತ ಅಪ್ಪ ಎರಡು ದಿನದಿಂದ ನಿಲ್ಲಿಸಿದ್ದಾರೆ.

ಡಾಕ್ಟರ್: ಇಲ್ಲಿ ಬರೆಯುವುದು ನಿಲ್ಲಿಸಿ, ಈಗಲೇ 108ಕ್ಕೆ ಫೋನ್ ಮಾಡಿ. ಹೊಸ ಸ್ಟೆಂಟ್ ಇರುವವರು ರಕ್ತ ತೆಳುವಾಗಿಸುವ ಮಾತ್ರೆ ಬಿಟ್ಟರೆ ಸ್ಟೆಂಟೇ ಹೆಪ್ಪುಗಟ್ಟಬಹುದು. ಡಿಸ್ಚಾರ್ಜ್ ಚೀಟಿ, ಮಾತ್ರೆ ಚೀಲ ಕೈಯಲ್ಲೇ ಇರಲಿ. ಅಪ್ಪನನ್ನು ಕೂರಿಸಿಕೊಂಡು ಹೋಗಿ, ನಡೆಸಬೇಡಿ.

ವಿರಾಜಪೇಟೆ: ಕಾಚಂಪುಳಿ ಪ್ರಶ್ನೆಗೆ ಉತ್ತರ ಬಂದಿಲ್ಲ.

ಸೋಮವಾರಪೇಟೆ: ಈಗ ಸುಮ್ನಿರಿ ಅಣ್ಣ!