ಒಂದೇ ಸಿ ಕೋಡ್: ಲ್ಯಾಪ್‌ಟಾಪ್‌ನ ಐಆರ್ ತಂದ್ರೆ -3, ಪೈನಲ್ಲೇ ಕಂಪೈಲ್ ಮಾಡಿದ್ರೆ 253. ಯಾಕೆ?

ಜೋಳದಕಾಟಾ (ದಾವಣಗೆರೆ):
ಮೆಕ್ಕೆಜೋಳದ ಚೀಲ ತೂಗೋ ಸಣ್ಣ ಕಾಟಾ ಮಾಡ್ತಿದೀನಿ. ರಾಸ್ಪ್‌ಬೆರಿ ಪೈ (ಆರ್ಮ್ ಚಿಪ್‌ನ ಪುಟ್ಟ ಕಂಪ್ಯೂಟರ್), 64 ಬಿಟ್ ಲಿನಕ್ಸ್. ಚೀಲ ಎಷ್ಟು ಕೆಜಿ ಹೆಚ್ಚು-ಕಮ್ಮಿ ಅನ್ನೋದನ್ನ ಒಂದು ಚಾರ್ (ಎಂಟು ಬಿಟ್‌ನ ಸಣ್ಣ ಪೂರ್ಣಾಂಕ) ವೇರಿಯಬಲ್‌ನಲ್ಲಿ ಇಟ್ಟಿದೀನಿ. ಇಂಟೆಲ್ ಲ್ಯಾಪ್‌ಟಾಪ್‌ನಲ್ಲಿ ಕ್ಲ್ಯಾಂಗ್ ಅನ್ನೋ ಸಿ ಕಂಪೈಲರ್‌ನಿಂದ ಎಲ್‌ಎಲ್‌ವಿಎಂ ಐಆರ್ (ಸಿ ಕೋಡ್‌ಗೂ ಮಷೀನ್ ಕೋಡ್‌ಗೂ ನಡುವಿನ ರೂಪ) ತೆಗೆದು, ಪೈಗೆ ಹಾಕಿ, ಎಲ್‌ಎಲ್‌ಸಿ (ಐಆರನ್ನ ಮಷೀನ್ ಕೋಡ್ ಮಾಡೋ ಪ್ರೋಗ್ರಾಂ) ಕೈಲಿ ಆರ್ಮ್ ಕೋಡ್ ಮಾಡಿಸಿದ್ರೆ -3 ಅಂತ ಸರಿಯಾಗೇ ಬರುತ್ತೆ. ಅದೇ ಸಿ ಫೈಲನ್ನ ಪೈನಲ್ಲೇ ಕಂಪೈಲ್ ಮಾಡಿದ್ರೆ 253! ಮೂರು ಕೆಜಿ ಕಮ್ಮಿ ಇರೋ ಚೀಲ 253 ಕೆಜಿ ಜಾಸ್ತಿ ಅಂದ್ರೆ ದಲಾಲಿ ಅಂಗಡಿಯವರು ನಗ್ತಾರೆ. ಐಆರ್‌ಗೆ ಮಷೀನಿನ ಹಂಗಿಲ್ಲ ಅಂತಾರಲ್ಲ, ಹಂಗಾದ್ರೆ ಇದೇನ್ರಿ?

ಕಲ್ಲಿನಕೋಟೆ (ಚಿತ್ರದುರ್ಗ):
ಕಂಪೈಲರ್ ಎರಡು ಕಡೆನೂ ಸರಿಯಾಗೇ ಇದೆ. ಬರೀ ಚಾರ್ ಅಂದ್ರೆ ಸೈನ್ಡೋ (ಮೈನಸ್ ಸಂಖ್ಯೆಯೂ ಇರಬಹುದು) ಅನ್‌ಸೈನ್ಡೋ (ಸೊನ್ನೆ ಮತ್ತು ಅದಕ್ಕಿಂತ ಮೇಲೆ ಮಾತ್ರ) ಅನ್ನೋದನ್ನ ಸಿ ಭಾಷೆ ಕಂಪೈಲರ್‌ಗೇ ಬಿಟ್ಟಿದೆ. ಇಂಟೆಲ್ ಲಿನಕ್ಸ್‌ನಲ್ಲಿ ಸೈನ್ಡ್, ಆರ್ಮ್ ಲಿನಕ್ಸ್‌ನಲ್ಲಿ ಅನ್‌ಸೈನ್ಡ್. -3ರ ಎಂಟು ಬಿಟ್‌ಗಳನ್ನೇ ಅನ್‌ಸೈನ್ಡ್ ಅಂತ ಓದಿದ್ರೆ 253. (ಹಳೇ ಆರ್ಮ್ ಚಿಪ್‌ಗಳಲ್ಲಿ ಬೈಟನ್ನ ಚಿಹ್ನೆ ಸಮೇತ ಲೋಡ್ ಮಾಡೋ ಇನ್‌ಸ್ಟ್ರಕ್ಷನ್ನೇ ಇರಲಿಲ್ಲ.)

ಆಪ್ಟಿಮೈಸೇಶನ್ ಹಾಕದೆ ಎರಡೂ ಕಡೆ ಐಆರ್ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ನಿಮ್ಮ ವೇರಿಯಬಲ್ ಎರಡರಲ್ಲೂ ಐ8. ಅದಕ್ಕೆ ಚಿಹ್ನೆಯೇ ಇಲ್ಲ, ಬರೀ ಎಂಟು ಬಿಟ್. ಪ್ರಿಂಟ್‌ಎಫ್‌ಗೆ ಕೊಡೋ ಮುಂಚೆ ಅದನ್ನ 32 ಬಿಟ್‌ಗೆ ಹಿಗ್ಗಿಸೋ ಸಾಲು ಹುಡುಕಿ: ಲ್ಯಾಪ್‌ಟಾಪಿನದ್ರಲ್ಲಿ ಸೈನ್ ಎಕ್ಸ್‌ಟೆಂಡ್ (ಚಿಹ್ನೆ ಉಳಿಸಿ ಹಿಗ್ಗಿಸೋದು) ಇರುತ್ತೆ, ಪೈದ್ರಲ್ಲಿ ಝೀರೋ ಎಕ್ಸ್‌ಟೆಂಡ್ (ಬರೀ ಸೊನ್ನೆ ತುಂಬಿ ಹಿಗ್ಗಿಸೋದು). ಅಂದ್ರೆ ತೀರ್ಮಾನ ಫ್ರಂಟ್‌ಎಂಡ್‌ನಲ್ಲೇ (ಸಿ ಓದಿ ಐಆರ್ ಬರೆಯೋ ಭಾಗ) ಆಗಿಹೋಗಿದೆ. ಎಲ್‌ಎಲ್‌ಸಿ ಬರೆದಿದ್ದನ್ನ ಪಾಲಿಸಿದೆ ಅಷ್ಟೆ.

ಚಾರ್ ತೆಗೆದು ಸೈನ್ಡ್ ಚಾರ್ ಅಂತ ಬರೀರಿ. ಎಫ್-ಸೈನ್ಡ್-ಚಾರ್ ಅನ್ನೋ ಆಯ್ಕೆಯೂ ಇದೆ, ನನಗೆ ಇಷ್ಟವಿಲ್ಲ. ನಾಳೆ ಯಾರಾದ್ರೂ ಮೇಕ್‌ಫೈಲ್ (ಕಂಪೈಲ್ ಆಯ್ಕೆಗಳಿರೋ ಫೈಲ್) ತಿದ್ದಿದ್ರೆ ಮತ್ತೆ 253.

ಜೋಳದಕಾಟಾ:
ಆಯ್ತು ಸರ್, ಈಗ ಎರಡು ಕಡೆನೂ -3. ಆದ್ರೆ ಮಷೀನಿನ ವಿಷಯ ಐಆರ್ ಒಳಗೇ ಸೇರ್ಕೊಂಡ್ರೆ ಅದು ಇದ್ದೇನು ಉಪಯೋಗ?

ಕಲ್ಲಿನಕೋಟೆ:
ಅದಿರೋದು ಕಂಪೈಲರ್ ಬರೆಯೋರ ಕೆಲಸ ಉಳಿಸೋಕೆ. ಸಿ, ರಸ್ಟ್, ಸ್ವಿಫ್ಟ್ ಎಲ್ಲಾ ಇದೇ ಐಆರ್‌ಗೆ ಇಳೀತವೆ, ಆಪ್ಟಿಮೈಸರ್ ಎಲ್ಲಕ್ಕೂ ಒಂದೇ. ಐಆರ್‌ನಲ್ಲಿ ರಿಜಿಸ್ಟರ್ (ಲೆಕ್ಕದ ಮೌಲ್ಯ ಇಡೋ ಜಾಗ) ಎಷ್ಟು ಬೇಕಾದ್ರೂ ಬಳಸಬಹುದು. ಅವನ್ನ 64 ಬಿಟ್ ಇಂಟೆಲ್‌ನ 16ಕ್ಕೋ 64 ಬಿಟ್ ಆರ್ಮ್‌ನ 31ಕ್ಕೋ ಹೊಂದಿಸೋದು ಬ್ಯಾಕ್‌ಎಂಡ್ (ಐಆರ್‌ನಿಂದ ಮಷೀನ್ ಕೋಡ್ ಮಾಡೋ ಭಾಗ) ಪಾಡು. ರಿಸ್ಕ್-ಫೈವ್ ಅನ್ನೋ ಇನ್ನೊಂದು ಬಗೆಯ ಚಿಪ್‌ಗೆ ಒಂದು ಬ್ಯಾಕ್‌ಎಂಡ್ ಬರೆದ ಮೇಲೆ ಅದು ಎಲ್ಲಾ ಭಾಷೆಗೂ ಒದಗಿತು.

ಲ್ಯಾಪ್‌ಟಾಪ್‌ನಲ್ಲೇ ಪೈಗಂತ ಐಆರ್ ಬೇಕಂದ್ರೆ ಕ್ಲ್ಯಾಂಗ್‌ಗೆ ಟಾರ್ಗೆಟ್ (ಯಾವ ಮಷೀನಿಗೆ ಅನ್ನೋದು) ಮೊದಲೇ ಹೇಳಿ, ಪೈನ ಹೆಡರ್‌ಗಳನ್ನೂ ಕೊಡಿ. ಇಲ್ಲಾಂದ್ರೆ ಲಾಂಗ್ ಡಬಲ್ (ಸಿಯ ದೊಡ್ಡ ದಶಮಾಂಶ ಸಂಖ್ಯೆಯ ಬಗೆ) ಬಳಸಿದ ದಿನ ಸಿಕ್ಕಾಕ್ಕೊಳ್ತೀರ: ಇಂಟೆಲ್ ಲಿನಕ್ಸ್ ಐಆರ್‌ನಲ್ಲಿ ಅದು 80 ಬಿಟ್ ಫ್ಲೋಟ್, ಆರ್ಮ್ ಬ್ಯಾಕ್‌ಎಂಡ್ ಅದನ್ನ ತಗೊಳ್ಳೋದೇ ಇಲ್ಲ.