36 ತಂತಿ ಶ್ರುತಿ ಮಾಡುವುದು ಯಾರು?

ಅತ್ತಿಗೆ: (ಮನೆಯವರ ಚಾಟ್ ಗುಂಪಿಗೆ ಒಂದು ವಿಡಿಯೊ ಹಾಕಿ) ಅಮೆರಿಕದ ಗಂಡ ಹೆಂಡತಿ. ನಲವತ್ತು ವರ್ಷಕ್ಕಿಂತ ಜಾಸ್ತಿ ಕಾಲದಿಂದ ಸಣ್ಣ ಸಣ್ಣ ಚರ್ಚುಗಳಿಗೆ ಹೋಗಿ ಹಾಡುತ್ತಿದ್ದಾರಂತೆ. ಒಂದು ಗಿಟಾರು, ಒಂದು ಆಟೋಹಾರ್ಪ್ (ಗುಂಡಿ ಒತ್ತಿ ಮೀಟುವ ತಂತಿವಾದ್ಯ), ಅಷ್ಟೇ. ದಯವಿಟ್ಟು ಪೂರ್ತಿ ನೋಡಿ. ನನಗೆ ಕಣ್ಣು ತುಂಬಿ ಬಂತು.

ದೊಡ್ಡಪ್ಪ: ಹಾಡು ಚೆನ್ನಾಗಿದೆ. ಆದರೆ ಕೊನೆಯಲ್ಲಿ ಕಾಣಿಕೆ ಬುಟ್ಟಿ ತಿರುಗಿಸಿದ್ದು, ಬಾಗಿಲ ಹತ್ತಿರ ಸಿಡಿ ಮೇಜು ಇಟ್ಟಿದ್ದು ಮನಸ್ಸಿಗೆ ಬರಲಿಲ್ಲ. ಸೇವೆ ಅಂದ ಮೇಲೆ ಸೇವೆ. ಬೈಬಲ್ಲಿನ ಮತ್ತಾಯ 10:8. ಉಚಿತವಾಗಿ ಹೊಂದಿದ್ದೀರಿ, ಉಚಿತವಾಗಿ ಕೊಡಿ.

ಭಾವ: ನನಗೂ ಹಾಗೇ ಅನ್ನಿಸಿತು. ದುಡ್ಡು ಬಂದ ಕಡೆ ನಂಬಿಕೆಯ ಸಾಕ್ಷಿ ತೆಳ್ಳಗಾಗುತ್ತದೆ.

ನಾನು: ದೊಡ್ಡಪ್ಪ, ಅದೇ ಅಧ್ಯಾಯದಲ್ಲಿ ಇನ್ನೆರಡು ವಚನ ಮುಂದೆ ಹೋಗಿ. 10:10. ಆಳು ಅಂಬಲಿಗೆ ಯೋಗ್ಯ ಅಂತ ಇದೆ. ಎರಡೂ ಮಾತನ್ನ ಯೇಸು ಒಂದೇ ಉಸಿರಿನಲ್ಲಿ ಹೇಳಿದ್ದು. ನಾವು ಯಾವಾಗಲೂ ಮೊದಲನೆಯದರಲ್ಲೇ ನಿಂತುಬಿಡುತ್ತೇವೆ.

ದೊಡ್ಡಪ್ಪ: ಅಂಬಲಿ ಬೇರೆ, ವ್ಯಾಪಾರ ಬೇರೆ ಮಗಳೇ. ಸ್ಯಾಂಕಿಯವರನ್ನ ನೋಡು. ಅಮೆರಿಕದ ಸುವಾರ್ತೆ ಪ್ರಸಂಗಿ ಮೂಡಿಯವರ ಜೊತೆ 1873ರಲ್ಲಿ ಬ್ರಿಟನ್ನಿಗೆ ಹೋಗಿ ಹಾಡಿದವರು. ಅವರ ಹಾಡಿನ ಪುಸ್ತಕ ಎಷ್ಟು ಮಾರಾಟವಾಯಿತು! ಆ ರಾಯಲ್ಟಿಯನ್ನ ತಾವು ಇಟ್ಟುಕೊಳ್ಳಲಿಲ್ಲ, ಮೂಡಿ ಶುರುಮಾಡಿದ ನಾರ್ತ್‌ಫೀಲ್ಡಿನ ಶಾಲೆಗಳಿಗೆ ಹೋಯಿತು. ಅಪೊಸ್ತಲ ಪೌಲನೂ ಗುಡಾರ ಹೊಲಿದೇ ಬದುಕಿದ.

ನಾನು: ಸ್ಯಾಂಕಿ ದೊಡ್ಡವರು, ಒಪ್ಪಿದೆ. ಆದರೆ ಅವರ ಹಿಂದೆ ದುಡ್ಡಿದ್ದವರು ನಿಂತಿದ್ದರು. 1875ರಲ್ಲಿ ಫಿಲಡೆಲ್ಫಿಯಾದ ಕೂಟಗಳಿಗೆ ರೈಲ್ವೆಯ ಹಳೇ ಗೋದಾಮನ್ನ ಬಿಟ್ಟುಕೊಟ್ಟವರು ಜಾನ್ ವನಮೇಕರ್, ದೊಡ್ಡ ಅಂಗಡಿಯ ಮಾಲೀಕರು. ಈ ವಿಡಿಯೊದಲ್ಲಿರುವ ಇಬ್ಬರ ಹಿಂದೆ ಯಾರಿದ್ದಾರೆ? ಅವರ ಕಾರೇ ಇರುವುದು. ಇನ್ನು ಪೌಲ ಗುಡಾರ ಹೊಲಿದಿದ್ದು ಅಕ್ವಿಲ, ಪ್ರಿಸ್ಕಿಲ್ಲ ಅನ್ನುವ ಗಂಡ ಹೆಂಡತಿಯ ಮನೆಯಲ್ಲಿ. ಸುವಾರ್ತೆ ಸಾರುವವರು ಸುವಾರ್ತೆಯಿಂದಲೇ ಬದುಕಬೇಕು ಅಂತ ಕೊರಿಂಥದವರಿಗೆ ಬರೆದವನೂ ಅದೇ ಪೌಲ. ತನಗೆ ಬೇಡ ಅಂದ, ಸರಿ. ಬೇರೆಯವರಿಗೆ ಕೊಡಬೇಡಿ ಅನ್ನಲಿಲ್ಲವಲ್ಲ.

ಚಿಕ್ಕಮ್ಮ: ದುಡ್ಡಿನ ಮಾತು ಬಿಡಿ, ನನಗೆ ಗಿಟಾರೇ ಸರಿಹೋಗುವುದಿಲ್ಲ. ಜಾನಪದ ಧಾಟಿಯೆಲ್ಲ ಆರಾಧನೆಗೆ ಹೊಂದುತ್ತದಾ?

ಪುಟ್ಟ: ಚಿಕ್ಕಮ್ಮ, ನೀವು ಕ್ರಿಸ್ಮಸ್ಸಿಗೆ ಇಷ್ಟಪಟ್ಟು ಕೇಳುವ ಬೆತ್ಲೆಹೇಮ್ ಹಾಡು ಇದೆಯಲ್ಲ, ಇಂಗ್ಲೆಂಡಿನ ಚರ್ಚುಗಳಲ್ಲಿ ಅದನ್ನ ಹಾಡುವ ರಾಗ ಒಬ್ಬ ಹಳ್ಳಿಯವರ ಬಾಯಿಂದ ಬಂದದ್ದು. ಆ ಹಳ್ಳಿಯವರು ಹಾಡಿದ್ದು ನೇಗಿಲು ಹಿಡಿದ ಹುಡುಗನ ಕಥೆಯ ಜಾನಪದ ಹಾಡು. ಇಂಗ್ಲೆಂಡಿನ ಸಂಗೀತಗಾರ ವಾನ್ ವಿಲಿಯಮ್ಸ್ ಅದರ ರಾಗವನ್ನ 1903ರಲ್ಲಿ ಬರೆದುಕೊಂಡು 1906ರ ಕೀರ್ತನೆ ಪುಸ್ತಕಕ್ಕೆ ಹಾಕಿದರು. ಆ ಹಳ್ಳಿಯ ಹೆಸರೇ ರಾಗದ ಹೆಸರು, ಫಾರೆಸ್ಟ್ ಗ್ರೀನ್.

ಚಿಕ್ಕಮ್ಮ: ಹೌದಾ! ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಆಯಿತು, ಗಿಟಾರಿನ ಮಾತು ವಾಪಸ್. ಏನೇ ಅನ್ನಿ, ಗಂಡ ಹೆಂಡತಿ ಜೊತೆಗೆ ಹಾಡಿದರೆ ಸಂಸಾರ ಗಟ್ಟಿ ಇರುತ್ತದೆ.

ಪುಟ್ಟ: ಅದೂ ಗ್ಯಾರಂಟಿ ಇಲ್ಲ. ಕಾರ್ಟರ್ ಫ್ಯಾಮಿಲಿ ಅನ್ನುವ ಅಮೆರಿಕದ ಹಾಡುಗಾರರ ತಂಡದ ಗಂಡ ಹೆಂಡತಿ ಎ. ಪಿ. ಮತ್ತು ಸಾರಾ 1927ರಲ್ಲಿ ಅಲ್ಲಿನ ಬ್ರಿಸ್ಟಲ್ಲಿನಲ್ಲಿ ಮೊದಲ ಸಾರಿ ರೆಕಾರ್ಡ್ ಮಾಡಿದರು. ಸಾರಾ ಕೈಯಲ್ಲೂ ಇದೇ ಆಟೋಹಾರ್ಪ್. ಅವರು ಹಾಡಿದ್ದರಲ್ಲಿ ಭಕ್ತಿಯ ಹಾಡೂ ಬೇಕಾದಷ್ಟಿತ್ತು. 1936ರಲ್ಲಿ ವಿಚ್ಛೇದನವಾಯಿತು. ಆಮೇಲೂ ಕೆಲವು ವರ್ಷ ಒಟ್ಟಿಗೆ ನಿಂತು ಹಾಡಿದರು.

ನಾನು: ಎ. ಪಿ. ಹಾಡು ಹುಡುಕಿಕೊಂಡು ತಿಂಗಳುಗಟ್ಟಲೆ ಊರೂರು ತಿರುಗುತ್ತಿದ್ದರು, ಮನೆ ಮಕ್ಕಳೆಲ್ಲ ಸಾರಾ ಮೇಲೆ. ಹಾಡು ಕೇಳುವವರಿಗೆ ಇದು ಕಾಣುವುದಿಲ್ಲ. ಅದಕ್ಕೇ ನನಗೆ ಸಿಟ್ಟು ಬರುವುದು.

ಭಾವ: ಹಾಗಾದರೆ ಅಮೆರಿಕದ ಭಕ್ತಿಗೀತೆ ಗಾಯಕ ಕೀತ್ ಗ್ರೀನ್ ಬಗ್ಗೆ ಏನು ಹೇಳುತ್ತೀಯ? ಟಿಕೆಟ್ ಬೇಡ ಅಂದ. 1980ರ ಆಲ್ಬಮ್ಮನ್ನ ಕೈಲಾದಷ್ಟು ಕೊಟ್ಟು ತಗೊಳ್ಳಿ, ಇಲ್ಲದಿದ್ದರೆ ಸುಮ್ನೆ ತಗೊಳ್ಳಿ ಅಂದ. 60,000ಕ್ಕೂ ಹೆಚ್ಚು ಪ್ರತಿ ಹಾಗೇ ಕೊಟ್ಟರಂತೆ. ಸೇವೆ ಅಂದರೆ ಅದು.

ನಾನು: ಭಾವ, ಅವರ ಬಗ್ಗೆ ನನಗೆ ನಿಮ್ಮಷ್ಟೇ ಗೌರವ ಇದೆ. ಆದರೆ ಆ ಆಲ್ಬಮ್ಮಿನ ಖರ್ಚಿಗೆ ಅವರು ಮನೆ ಅಡ ಇಟ್ಟರು. ಕೀತ್ ಮತ್ತು ಅವರ ಹೆಂಡತಿ ಮೆಲೊಡಿ ಇಬ್ಬರೂ ವಾಸವಿದ್ದ ಮನೆ. ಉಚಿತ ಅಂತ ನಾವು ಅನ್ನುತ್ತೇವೆ, ಅದರ ಬೆಲೆ ಯಾರೋ ಕೊಟ್ಟಿರುತ್ತಾರೆ. 1982ರ ಜುಲೈ 28ಕ್ಕೆ ವಿಮಾನ ಅಪಘಾತದಲ್ಲಿ ಕೀತ್ ಹೋದರು, ಜೊತೆಗೆ ಇಬ್ಬರು ಮಕ್ಕಳು. ಮೆಲೊಡಿ ಆಗ ಗರ್ಭಿಣಿ, ಮಡಿಲಲ್ಲಿ ಇನ್ನೊಂದು ಕೂಸು. ಅಲ್ಲಿಂದ ಆ ಸೇವೆಯನ್ನ ಹೊತ್ತವರು ಅವರೇ. ಅವರೂ ಹಾಡು ಬರೆದವರು. ಭಾವ, ಈ ಗುಂಪಿನಲ್ಲಿ ಕೀತ್ ಹೆಸರು ಎಷ್ಟು ಸಾರಿ ಬಂದಿದೆ, ಮೆಲೊಡಿ ಹೆಸರು ಎಷ್ಟು ಸಾರಿ ಬಂದಿದೆ?

ಅತ್ತಿಗೆ: ಭಕ್ತಿಗೀತೆ ಬರೆದ ಅಮೆರಿಕದ ಗೇದರ್ ದಂಪತಿಯೂ ಹಾಗೇ ಅಲ್ವಾ? ಶುರುವಿನಲ್ಲಿ ಇಬ್ಬರೂ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಬಿಲ್ ರಾಗ ಹಾಕುತ್ತಿದ್ದರು, ಸಾಹಿತ್ಯ ಜಾಸ್ತಿ ಗ್ಲೋರಿಯಾ ಅವರದ್ದು.

ನಾನು: ಹೌದು ಅತ್ತಿಗೆ. ಈಗ ನೀವು ಹಾಕಿದ ವಿಡಿಯೊಗೇ ಬರುತ್ತೇನೆ. ಎಲ್ಲರೂ ಕೊನೆಯ ಬುಟ್ಟಿ ನೋಡಿದಿರಿ. ಶುರುವಿನ ಎರಡು ನಿಮಿಷ ನೋಡಿದಿರಾ? ಖಾಲಿ ಚರ್ಚು, ಆಕೆ ಮೊದಲ ಬೆಂಚಿನಲ್ಲಿ ಕೂತು ಆಟೋಹಾರ್ಪ್ ಶ್ರುತಿ ಮಾಡುತ್ತಿದ್ದಾರೆ. ಆ ಥರದ ವಾದ್ಯಕ್ಕೆ 36 ತಂತಿ. ಕಾರಿನ ಚಳಿಯಿಂದ ಒಳಗಿನ ಬೆಚ್ಚಗಿಗೆ ತಂದ ಕೂಡಲೇ ಎಲ್ಲವೂ ಸ್ವಲ್ಪ ಸ್ವಲ್ಪ ಜಾರುತ್ತವೆ. ಒಂದೊಂದಕ್ಕೂ ಕೀಲಿ ಹಾಕಿ, ತಿರುಗಿಸಿ, ಕಿವಿ ಕೊಟ್ಟು, ಮತ್ತೆ ತಿರುಗಿಸಬೇಕು. ಒಂದು ಹಾಡಿಗೂ ಮುಂಚಿನ ಕೆಲಸ ಇದು. ಆಮೇಲೆ ಗಂಡನ ಗಿಟಾರಿನ ಕ್ಯಾಪೋ ನೋಡಿ, ಶ್ರುತಿ ಏರಿಸುವುದಕ್ಕೆ ತಂತಿಗಳ ಮೇಲೆ ಹಾಕುವ ಕ್ಲಿಪ್ಪು. ಮಧ್ಯೆ ಹಾಕಿರುವ ಹಳೇ ತುಣುಕಿನಲ್ಲಿ ಅದು ಐದನೇ ಫ್ರೆಟ್ಟಿನಲ್ಲಿದೆ (ಫ್ರೆಟ್ ಅಂದರೆ ಗಿಟಾರಿನ ಕುತ್ತಿಗೆಯ ಮೇಲಿನ ಅಡ್ಡಪಟ್ಟಿ), ಈಗ ಅದೇ ಹಾಡಿಗೆ, ಅದೇ ಬೆರಳಿಗೆ, ಒಂದನೇ ಫ್ರೆಟ್ಟಿನಲ್ಲಿದೆ. ದನಿ ಇಳಿದಂತೆಲ್ಲ ಇಬ್ಬರೂ ಸೇರಿ ಹಾಡನ್ನೇ ಇಳಿಸಿಕೊಂಡು ಬಂದಿದ್ದಾರೆ. ಮೂರನೇ ಚರಣದಲ್ಲಿ ಆತನಿಗೆ ಮಾತು ಮರೆಯಿತು, ಆಕೆ ದನಿ ಬರದ ಹಾಗೆ ತುಟಿಯಲ್ಲಿ ಮೊದಲ ಪದ ಆಡಿಸಿ ಕೊಟ್ಟರು, ಆತ ಎತ್ತಿಕೊಂಡರು.

ದೊಡ್ಡಪ್ಪ: ಅದೆಲ್ಲ ನಾನು ಗಮನಿಸಲಿಲ್ಲ. ಆದರೂ ಕೊಡುವುದು ಮನಸ್ಸಿನಿಂದ ಬರಬೇಕು, ಕೇಳಿ ಪಡೆಯಬಾರದು.

ನಾನು: ದೊಡ್ಡಪ್ಪ, ಇದನ್ನ ನಾನು ಯಾರಿಗೂ ಹೇಳಿರಲಿಲ್ಲ. ನಾನೂ ಇವರೂ ಒಂಬತ್ತು ವರ್ಷ ಹಾಡಿದೆವು. ಒಂದು ಸಭೆಯವರು ಎರಡು ದಿನದ ಕೂಟಕ್ಕೆ ಕರೆದರು. ಮಗುವಿಗೆ ಜ್ವರ, ಬಟ್ಟೆ ಬ್ಯಾಗು, ಗಿಟಾರು, ಎಲ್ಲ ಹೊತ್ತುಕೊಂಡು ಹೋದೆವು. ಮುಗಿದ ಮೇಲೆ ಒಂದು ಲಕೋಟೆ ಕೊಟ್ಟರು. ಮನೆಗೆ ಬಂದು ತೆಗೆದರೆ ಒಂದು ವಂದನೆಯ ಕಾರ್ಡು. ನಮ್ಮ ಕಣ್ಣೆದುರೇ ಮೈಕಿನವರಿಗೆ ಲೆಕ್ಕ ಮಾಡಿ ಕೊಟ್ಟಿದ್ದರು, ಅದು ಸರಿಯೇ, ಅವರ ಕೆಲಸ ಅದು. ಆವತ್ತು ರಾತ್ರಿ ಇವರು ಏನೂ ಮಾತಾಡಲಿಲ್ಲ. ಮುಂದಿನ ವರ್ಷ ನಾವು ನಿಲ್ಲಿಸಿದೆವು. ಎಲ್ಲರೂ ಕೇಳಿದರು, ಭಕ್ತಿ ಕಡಿಮೆಯಾಯಿತಾ ಅಂತ.

ಚಿಕ್ಕಮ್ಮ: ಅಯ್ಯೋ. ನಾನೇ ಕೇಳಿದ್ದೆ ಹಾಗೆ. ತಪ್ಪಾಯಿತು ಕಣೇ.

ದೊಡ್ಡಪ್ಪ: ನಮಗೆ ಒಂದು ಮಾತು ಹೇಳಬಾರದಿತ್ತಾ?

ನಾನು: ಹೇಗೆ ಹೇಳುವುದು ದೊಡ್ಡಪ್ಪ? ಸೇವೆಗೆ ಹೋದವರು ದುಡ್ಡಿನ ಮಾತು ಎತ್ತಬಾರದು ಅಂತ ಚಿಕ್ಕಂದಿನಲ್ಲಿ ನೀವೇ ಕಲಿಸಿದ್ದು. ನಾನು ಅದನ್ನ ನಂಬಿದ್ದೆ. ಅದಕ್ಕೇ ಬುಟ್ಟಿ ನೋಡಿದಾಗ ನಿಮಗೆ ಮುಜುಗರವಾದರೆ ನನಗೆ ಸಮಾಧಾನವಾಗುತ್ತದೆ. ಆ ಇಬ್ಬರೂ ಇಷ್ಟು ವರ್ಷ ನಿಲ್ಲಿಸದೇ ಹಾಡಿದ್ದಾರೆ ಅಂದರೆ ಬುಟ್ಟಿಗೆ ಹಾಕಿದವರೂ, ಆ ಸಿಡಿ ತಗೊಂಡವರೂ ಅದರಲ್ಲಿ ಸೇರಿದ್ದಾರೆ.

ಭಾವ: ದುಡ್ಡು ಬಂದ ಕಡೆ ಸಾಕ್ಷಿ ತೆಳ್ಳಗಾಗುತ್ತದೆ ಅಂದೆನಲ್ಲ, ಆ ಮಾತು ದುಡುಕಿ ಆಡಿದ್ದು. ಹಿಂದಕ್ಕೆ ತಗೊಳ್ಳುತ್ತೇನೆ.

ದೊಡ್ಡಪ್ಪ: ಬುಟ್ಟಿ ಬೇಡ ಅನ್ನುವುದು ಈಗಲೂ ನನ್ನ ಮಾತೇ. ಕರೆಸಿದ ಸಭೆ ಮೊದಲೇ ತೀರ್ಮಾನ ಮಾಡಿ, ದಾರಿ ಖರ್ಚು ಬೇರೆ, ಸಂಭಾವನೆ ಬೇರೆ, ಹೋಗುವ ಮೊದಲೇ ಕೈಗೆ ಕೊಡಬೇಕು. ಬಂದವರ ಮುಂದೆ ಅವರನ್ನ ಕಾಯಿಸಬಾರದು. ನಮ್ಮ ಕಮಿಟಿಯಲ್ಲಿ ಈ ಭಾನುವಾರ ಎತ್ತುತ್ತೇನೆ.

ನಾನು: ಹಾಗೆ ಮಾಡಿದರೆ ಬುಟ್ಟಿಯೇ ಬೇಕಾಗಿಲ್ಲ. ಹೆಂಡತಿಯ ಹೆಸರನ್ನೂ ಲಕೋಟೆ ಮೇಲೆ ಬರೆಯಿರಿ, ನೆನಪಿರಲಿ.

ದೊಡ್ಡಪ್ಪ: ಬರೆಸುತ್ತೇನೆ. ಮೂರನೇ ಚರಣ ಈಗ ನೋಡಿದೆ. ನಿನ್ನ ದೊಡ್ಡಮ್ಮನಿಗೂ ತೋರಿಸಿದೆ. ನಿಮ್ಮ ಗಿಟಾರು ಎಲ್ಲಿದೆ?

ನಾನು: ಕಪಾಟಿನ ಮೇಲೆ. ತಂತಿ ತುಕ್ಕು ಹಿಡಿದಿದೆ. ಇವರು ಈಗ ತಾನೇ ಸ್ಟೂಲು ಹಾಕಿ ಇಳಿಸುತ್ತಿದ್ದಾರೆ.